ಹಳೆಯ ಜಾವಾ ಮೋಟಾರು ಸೈಕಲ್ಲು: ಸಡಿಲವಾದ ಹೊಗೆಕೊಳವೆ ಮತ್ತು ಪೆಟ್ರೋಲಿನ ಸೋರಿಕೆ



ಡೈರಿಗೆ ಹಾಲು ಹಾಕಿ ಬಂದ ಮೋಟಾರು ಸೈಕಲ್ಲನ್ನು ರಾತ್ರಿ ಎಲ್ಲಿ ನಿಲ್ಲಿಸುತ್ತೀರಿ? ಹೆಚ್ಚಿನ ಮನೆಗಳಲ್ಲಿ ಅದು ದನದ ಕೊಟ್ಟಿಗೆಯ ಮಗ್ಗುಲಲ್ಲೋ, ಜಗುಲಿಯ ಕೆಳಗೋ, ಒಣಹುಲ್ಲಿನ ಮೆದೆಯ ಪಕ್ಕದಲ್ಲೋ ನಿಂತಿರುತ್ತದೆ. ಬೆಳಗ್ಗೆ ಎದ್ದಾಗ ಪೆಟ್ರೋಲಿನ ವಾಸನೆ ಬಂದರೆ "ಹಳೆಯ ಗಾಡಿ, ಅದರ ವಾಸನೆಯೇ ಹಾಗೆ" ಎಂದುಕೊಳ್ಳುತ್ತೇವೆ. ಓಡಿಸುವಾಗ ಕಾಲಿನ ಮುಂದೆ "ಚಟ್ ಚಟ್" ಎಂಬ ಶಬ್ದ ಬಂದರೆ "ಸೈಲೆನ್ಸರು ಸ್ವಲ್ಪ ಅಲುಗುತ್ತದೆ, ಸಂತೆಯ ದಿನ ನೋಡಿಸೋಣ" ಎಂದು ಬಿಡುತ್ತೇವೆ. ಇವೆರಡೂ ಬೇರೆ ಬೇರೆ ಸಣ್ಣ ದೋಷಗಳೆಂದು ತೋರುತ್ತದೆ. ಆದರೆ ಪೆಟ್ರೋಲು ತೊಟ್ಟಿಕ್ಕುವ ಜಾಗಕ್ಕೂ ಬಿಸಿ ಹೊಗೆ ನುಗ್ಗುವ ಜಾಗಕ್ಕೂ ನಡುವೆ ಇರುವುದು ಒಂದೆರಡು ಗೇಣು ಮಾತ್ರ. ಎರಡು ದೋಷಗಳೂ ಒಂದೇ ಗಾಡಿಯಲ್ಲಿ ಕೂಡಿದರೆ ಹೊತ್ತಿಕೊಳ್ಳುವುದು ಗಾಡಿಯೊಂದೇ ಅಲ್ಲ, ಕೊಟ್ಟಿಗೆಯೂ ಅದರಲ್ಲಿ ಕಟ್ಟಿದ ದನಗಳೂ ಸೇರುತ್ತವೆ.

ಇಲ್ಲಿ ಹೇಳುತ್ತಿರುವುದು ಮೈಸೂರಿನಲ್ಲಿ ತಯಾರಾದ ಹಳೆಯ ಜಾವಾ ಮತ್ತು ಯೆಜ್ಡಿ ಗಾಡಿಗಳ ವಿಚಾರ. ಚೆಕೊಸ್ಲೊವಾಕಿಯದಲ್ಲಿ 1929ರಲ್ಲಿ ಆರಂಭವಾದ ಜಾವಾ ಕಂಪೆನಿಯ ನಮೂನೆಯ ಮೇಲೆ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ ಈ ಗಾಡಿಗಳನ್ನು ಹೊರತಂದಿತು. 1973ರಿಂದ ಯೆಜ್ಡಿ ಎಂಬ ಹೆಸರು ಬಂತು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಆದುದರಿಂದ ಈಗ ನಿಮ್ಮಲ್ಲಿ ಇರುವ ಗಾಡಿ ಎಷ್ಟು ಹೊಸದೆಂದರೂ ಅದಕ್ಕೆ ಸುಮಾರು ಮೂವತ್ತು ವರ್ಷ ತುಂಬಿದೆ. ತಂದೆ ಕೊಂಡದ್ದನ್ನು ಮಗ ಓಡಿಸುತ್ತಿರುವ ಮನೆಗಳು ಬಹಳ. 2018ರ ನಂತರ ಜಾವಾ ಹೆಸರಿನಲ್ಲಿ ಬಂದ ಹೊಸ ಗಾಡಿಗಳ ಎಂಜಿನ್ನೇ ಬೇರೆ ಜಾತಿಯದು. ಕೆಳಗಿನ ಮಾತುಗಳನ್ನು ಅವಕ್ಕೆ ಅನ್ವಯಿಸಬೇಡಿ.

ಮೊದಲು ಪೆಟ್ರೋಲು, ಆಮೇಲೆ ಹೊಗೆಕೊಳವೆ

ಎರಡು ದೋಷಗಳೂ ಇದ್ದಲ್ಲಿ ಯಾವುದನ್ನು ಮೊದಲು ಹಿಡಿಯಬೇಕು? ಶಬ್ದ ಮಾಡುವುದು ಹೊಗೆಕೊಳವೆಯಾದುದರಿಂದ ಕೈ ಅತ್ತ ಹೋಗುತ್ತದೆ. ಅದು ತಪ್ಪು. ಹೊಗೆಕೊಳವೆಯ ನಟ್ಟು ಬಿಚ್ಚಲು ಸುತ್ತಿಗೆ ಬಡಿಯಬೇಕಾಗಬಹುದು, ಎಂಜಿನ್ನನ್ನು ಚಾಲೂ ಮಾಡಿ ನೋಡಬೇಕಾಗಬಹುದು. ಮೇಲೆ ಪೆಟ್ರೋಲು ಸೋರುತ್ತಿರುವಾಗ ಕೆಳಗೆ ಇಂಥ ಕೆಲಸ ಸಲ್ಲದು. ಪೆಟ್ರೋಲಿನ ಆವಿ ಗಾಳಿಗಿಂತ ಭಾರ. ಅದು ಮೇಲಕ್ಕೆ ಹಾರಿ ಹೋಗುವುದಿಲ್ಲ. ನೀರಿನಂತೆ ತಗ್ಗಿಗೆ ಹರಿದು, ನೆಲದ ಮಟ್ಟದಲ್ಲಿ ತೆವಳಿ, ಹತ್ತು ಮಾರು ದೂರದ ಒಲೆಯನ್ನೋ ಬೀಡಿಯ ತುದಿಯನ್ನೋ ಮುಟ್ಟಿ ಅಲ್ಲಿಂದ ಹಿಂದಕ್ಕೆ ಹೊತ್ತಿಕೊಂಡು ಬರಬಲ್ಲುದು. ಚಳಿಗಾಲದ ಬೆಳಗಿನ ಜಾವದಲ್ಲಿಯೂ ಅದು ಆವಿಯಾಗುತ್ತಲೇ ಇರುತ್ತದೆ.

ಕೆಲಸಕ್ಕೆ ಕೈ ಹಾಕುವ ಮುಂಚೆ ಗಾಡಿಯನ್ನು ಬಯಲಿಗೆ ತನ್ನಿ. ಎಂಜಿನ್ನು ಪೂರ್ತಿ ತಣಿಯಲಿ. ಬ್ಯಾಟರಿಯ ಒಂದು ತಂತಿಯನ್ನು ಬಿಚ್ಚಿಡಿ. ಒಂದು ಬಕೆಟ್ಟಿನಷ್ಟು ಒಣ ಮರಳನ್ನೋ ಮಣ್ಣನ್ನೋ ಹತ್ತಿರ ಇಟ್ಟುಕೊಳ್ಳಿ. ಪೆಟ್ರೋಲಿನ ಬೆಂಕಿಗೆ ನೀರು ಸುರಿದರೆ ಪೆಟ್ರೋಲು ನೀರಿನ ಮೇಲೆ ತೇಲಿ ಉರಿಯುತ್ತಲೇ ಹರಡುತ್ತದೆಂಬುದನ್ನು ಮನೆಯ ಹೆಂಗಸರಿಗೂ ಮಕ್ಕಳಿಗೂ ತಿಳಿಸಿರಿ. ತೆಗೆದ ಪೆಟ್ರೋಲನ್ನು ಕುಡಿಯುವ ನೀರಿನ ಬಾಟಲಿಗೆ ತುಂಬಬೇಡಿ. ನೀರೆಂದು ಯಾರಾದರೂ ಕುಡಿದಾರು.

ಸೋರುವುದು ಎಲ್ಲಿಂದ?

ಹನಿ ಬೀಳುವ ಜಾಗವೇ ಸೋರುವ ಜಾಗ ಎಂದು ನಂಬಬೇಡಿ. ಮನೆಯ ಸೂರಿನ ಸೋರಿಕೆಯೂ ಹೀಗೆಯೇ ಅಲ್ಲವೇ? ಹೆಂಚು ಒಡೆದಿರುವುದು ಒಂದು ಕಡೆ, ನೀರು ತೊಲೆಯ ಮೇಲೆ ಹರಿದು ಬೀಳುವುದು ಇನ್ನೊಂದು ಕಡೆ. ಪೆಟ್ರೋಲು ಸಹ ಟ್ಯಾಂಕಿನ ತಳದಿಂದ ನಲ್ಲಿಗೆ, ನಲ್ಲಿಯಿಂದ ರಬ್ಬರು ಕೊಳವೆಗೆ, ಅಲ್ಲಿಂದ ಕಾರ್ಬುರೇಟರಿಗೆ ಇಳಿದು ಕೊನೆಗೆ ಎಂಜಿನ್ನಿನ ಹೊಟ್ಟೆಯ ಮೇಲೆ ತೊಟ್ಟಿಕ್ಕುತ್ತದೆ. ಜಾವಾದಲ್ಲಿ ಇನ್ನೂ ಒಂದು ತೊಡಕು ಉಂಟು. ಅದರ ಹಳೆಯ ನಮೂನೆಗಳಲ್ಲಿ ಕಾರ್ಬುರೇಟರನ್ನು ಅಂದಕ್ಕಾಗಿ ತಗಡಿನ ಮುಚ್ಚಳದ ಒಳಗೆ ಹುದುಗಿಸಿರುತ್ತಾರೆ. ಒಳಗೆ ಎಷ್ಟು ಸೋರಿದರೂ ಹೊರಗಿನಿಂದ ಕಾಣದು. ಮುಚ್ಚಳ ತೆಗೆಯದೆ ಪರೀಕ್ಷೆ ಪೂರ್ತಿಯಾಗುವುದಿಲ್ಲ.

ಎರಡು ಸ್ಟ್ರೋಕಿನ ಗಾಡಿಯಾದುದರಿಂದ ನಮಗೆ ಒಂದು ಅನುಕೂಲವೂ ಇದೆ. ಪೆಟ್ರೋಲಿಗೆ ಎಣ್ಣೆ ಬೆರೆಸಿರುತ್ತೇವಷ್ಟೆ. ಪೆಟ್ರೋಲು ಆರಿ ಹೋದರೂ ಎಣ್ಣೆ ಉಳಿದು ಅದಕ್ಕೆ ಧೂಳು ಅಂಟುತ್ತದೆ. ಹೀಗಾಗಿ ಹಳೆಯ ಸೋರಿಕೆ ತನ್ನ ದಾರಿಯನ್ನು ತಾನೇ ಬರೆದಿಟ್ಟಿರುತ್ತದೆ. ಆ ಕಂದು ಗೆರೆಯನ್ನು ಕೆಳಗಿನಿಂದ ಮೇಲಕ್ಕೆ ಹಿಂಬಾಲಿಸಿರಿ. ಗೆರೆ ಎಲ್ಲಿ ಆರಂಭವಾಗುತ್ತದೋ ಅಲ್ಲಿದೆ ಮೂಲ. ಗೆರೆ ಕಲಸಿಹೋಗಿದ್ದರೆ ಎಲ್ಲವನ್ನೂ ಬಟ್ಟೆಯಿಂದ ಒರೆಸಿ ಒಣಗಿಸಿ, ಸೀಮೆಸುಣ್ಣದ ಪುಡಿಯನ್ನು ನಲ್ಲಿಯ ಸುತ್ತ, ಕೊಳವೆಯ ಎರಡು ತುದಿಗಳಿಗೆ, ಕಾರ್ಬುರೇಟರಿನ ಕೆಳಬಟ್ಟಲಿಗೆ ಸವರಿ ನಲ್ಲಿಯನ್ನು ತೆರೆಯಿರಿ. ಮೊದಲು ಒದ್ದೆಯಾಗಿ ಬಣ್ಣ ಕೆಡುವ ಜಾಗವನ್ನು ಗುರುತು ಮಾಡಿಕೊಳ್ಳಿ. ಮಕ್ಕಳ ಸ್ಲೇಟಿನ ಬಳಪದ ತುಂಡೊಂದು ಸಾಕು.

ಎಷ್ಟು ಸೋರುತ್ತದೆಂದು ಊಹಿಸುವ ಬದಲು ರಾತ್ರಿ ಬಯಲಿನಲ್ಲಿ ಗಾಡಿಯ ಕೆಳಗೆ ಒಂದು ಲೋಹದ ಬಟ್ಟಲನ್ನಿಟ್ಟು ನೋಡಿ. ರಾತ್ರಿಗೆ 50 ಮಿಲಿಲೀಟರು ಸಿಕ್ಕಿದರೆ ತಿಂಗಳಿಗೆ ಒಂದೂವರೆ ಲೀಟರು ನೆಲಕ್ಕೆ ಹೋಯಿತು. ಬಟ್ಟಲಿಗೆ ಬಿದ್ದದ್ದಕ್ಕಿಂತ ಹೆಚ್ಚು ಆವಿಯಾಗಿ ಹೋಗಿರುವುದೂ ಉಂಟು.

ನಲ್ಲಿ, ಕೊಳವೆ, ಕಾರ್ಬುರೇಟರು

ಹೆಚ್ಚಿನ ಸೋರಿಕೆ ನಲ್ಲಿಯದೇ. ಅದರ ಒಳಗೆ ಬೆಂಡಿನ ಅಥವಾ ರಬ್ಬರಿನ ಒಂದು ಬಿಲ್ಲೆ ಇರುತ್ತದೆ. ಅದು ತಿರುಗಿ ದಾರಿಯನ್ನು ತೆರೆಯುತ್ತದೆ, ಮುಚ್ಚುತ್ತದೆ. ಗಾಡಿಯನ್ನು ತಿಂಗಳುಗಟ್ಟಲೆ ಖಾಲಿ ಟ್ಯಾಂಕಿನಲ್ಲಿ ನಿಲ್ಲಿಸಿದರೆ ಬೆಂಡು ಒಣಗಿ ಕುಗ್ಗುತ್ತದೆ, ಆಮೇಲೆ ಪೆಟ್ರೋಲು ತುಂಬಿದ ದಿನವೇ ಸೋರತೊಡಗುತ್ತದೆ. ಇಂಥ ಬೆಂಡನ್ನು ಬಿಚ್ಚಿ ಬಿಸಿನೀರಿನಲ್ಲಿ ಸ್ವಲ್ಪ ಹೊತ್ತು ನೆನೆಸಿದರೆ ಅದು ಮತ್ತೆ ಉಬ್ಬಿ ಕೆಲವು ಕಾಲ ಕೆಲಸಕ್ಕೆ ಬರುತ್ತದೆ. ಬಿರುಕು ಬಿಟ್ಟಿದ್ದರೆ ಮಾತ್ರ ಹೊಸದೇ ಬೇಕು. ನಲ್ಲಿ ಟ್ಯಾಂಕಿಗೆ ಸೇರುವ ಕಡೆಯ ಬಿಲ್ಲೆ ಬೇರೆ, ಒಳಗಿನ ಬಿಲ್ಲೆ ಬೇರೆ. ಹಿಡಿಯ ಸುತ್ತ ಒದ್ದೆಯಾದರೆ ಒಳಗಿನದು, ಟ್ಯಾಂಕಿನ ತಳ ಒದ್ದೆಯಾದರೆ ಮೇಲಿನದು ಕೆಟ್ಟಿದೆಯೆಂದು ತಿಳಿಯಿರಿ.

ಇಲ್ಲಿ ಹಳೆಯ ಮೇಸ್ತ್ರಿಗಳ ಒಂದು ಪದ್ಧತಿಯನ್ನು ಕುರಿತು ಎಚ್ಚರ ಹೇಳಬೇಕು. ಸೋರುವ ತಿರುಪಿಗೆ ಅರಗನ್ನು ಬಳಿದು ಕೂಡಿಸುವುದು ರೂಢಿಯಲ್ಲಿತ್ತು, ಅದು ಚೆನ್ನಾಗಿಯೇ ಹಿಡಿಯುತ್ತಿತ್ತು. ಏಕೆಂದರೆ ಅರಗು ಪೆಟ್ರೋಲಿನಲ್ಲಿ ಕರಗುವುದಿಲ್ಲ. ಆದರೆ ಈಗ ಬಂಕಿನಲ್ಲಿ ದೊರೆಯುವುದು ಬರಿಯ ಪೆಟ್ರೋಲಲ್ಲ. ನೂರಕ್ಕೆ 20 ಪಾಲು ಎಥನಾಲ್ ಬೆರೆತ ಪೆಟ್ರೋಲು 2023ರ ಫೆಬ್ರವರಿಯಲ್ಲಿ ಬೆಂಗಳೂರಿನ ಸಮಾರಂಭವೊಂದರಲ್ಲಿ ಬಿಡುಗಡೆಯಾಗಿ, 2025ರ ಹೊತ್ತಿಗೆ ದೇಶದಲ್ಲೆಲ್ಲ ಹರಡಿತು. ಎಥನಾಲ್ ಎಂದರೆ ಮದ್ಯಸಾರ. ನಾವು ಬೆಳೆದ ಕಬ್ಬು, ಮೆಕ್ಕೆಜೋಳಗಳಿಂದಲೇ ಅದು ತಯಾರಾಗುತ್ತದೆ. ಬಡಗಿಯವರು ಅರಗನ್ನು ಸ್ಪಿರಿಟ್ಟಿನಲ್ಲಿ ಕರಗಿಸಿ ಪಾಲಿಷು ಮಾಡುವುದನ್ನು ನೀವು ಕಂಡಿರುವಿರಿ. ಅದೇ ಕೆಲಸ ಈಗ ನಲ್ಲಿಯ ತಿರುಪಿನಲ್ಲಿ ತಾನಾಗಿ ನಡೆಯುತ್ತದೆ. ಇಪ್ಪತ್ತು ವರ್ಷ ಸೋರದ ನಲ್ಲಿ ಏಕಾಏಕಿ ಸೋರಿದರೆ ಯಾರ ಕೈಗುಣವನ್ನೂ ದೂರಬೇಡಿ. ಅರಗನ್ನು ಕೆರೆದು ತೆಗೆದು, ಎಥನಾಲ್ ತಡೆಯುವ ಬಿಲ್ಲೆಯನ್ನು ಹಾಕಿಸಿರಿ.

ಎಥನಾಲ್ ನೀರನ್ನು ಹೀರುತ್ತದೆಂಬುದು ಎರಡನೆಯ ವಿಚಾರ. ಮಳೆಗಾಲದಲ್ಲಿ ಮುಚ್ಚಳದ ಸಂದಿನಿಂದ ನೀರು ಇಳಿದರೆ, ಅಥವಾ ಅರ್ಧ ತುಂಬಿದ ಟ್ಯಾಂಕು ಬಹುಕಾಲ ನಿಂತರೆ, ನೀರೂ ಮದ್ಯಸಾರವೂ ಕೂಡಿ ತಳದಲ್ಲಿ ಬೇರೆ ಪದರವಾಗಿ ನಿಲ್ಲಬಹುದು. ತುಕ್ಕು ಅಲ್ಲಿಂದ ಆರಂಭ. ಆ ತುಕ್ಕಿನ ಪುಡಿ ನಲ್ಲಿಯ ಜಾಲರಿಯನ್ನು ದಾಟಿ ಕಾರ್ಬುರೇಟರಿಗೆ ಬಂದರೆ ಇನ್ನೊಂದು ಸೋರಿಕೆ ಹುಟ್ಟುತ್ತದೆ. ಅದನ್ನು ಮುಂದೆ ಹೇಳುತ್ತೇನೆ.

ರಬ್ಬರು ಕೊಳವೆಯ ಬಗ್ಗೆ ಹೆಚ್ಚು ಹೇಳಬೇಕಾದುದಿಲ್ಲ. ಬಾಗಿಸಿ ನೋಡಿ, ಬಿರುಕು ಕಂಡರೆ ಎಸೆಯಿರಿ. ಆದರೆ ನಮ್ಮ ಹಳ್ಳಿಗಳಲ್ಲಿ ಹನಿ ನೀರಾವರಿಯ ಪೈಪಿನ ತುಂಡನ್ನೋ ಔಷಧಿ ಸಿಂಪಡಿಸುವ ಪಂಪಿನ ಕೊಳವೆಯನ್ನೋ ಕತ್ತರಿಸಿ ಹಾಕುವ ಅಭ್ಯಾಸ ಬೆಳೆದಿದೆ. ಅವು ನೀರಿಗಾಗಿ ಮಾಡಿದವು. ಕೆಲವು ದಿನಗಳಲ್ಲಿ ಬಿರುಸಾಗಿ, ಗಾಡಿಯ ನಡುಕಕ್ಕೆ ತುದಿ ಕಳಚಿಕೊಳ್ಳುತ್ತವೆ. ಕಳಚಿದರೆ ಟ್ಯಾಂಕಿನಲ್ಲಿದ್ದದ್ದೆಲ್ಲ ಬಿಸಿ ಎಂಜಿನ್ನಿನ ಮೇಲೆಯೇ ಸುರಿಯುವುದು. ಪೆಟ್ರೋಲಿಗೆಂದೇ ಮಾಡಿದ, ಎಥನಾಲ್ ತಡೆಯುವ ಕೊಳವೆಯನ್ನು ಕೇಳಿ ಕೊಳ್ಳಿ. ಒಂದು ಗೇಣಿನ ತುಂಡಿಗೆ ಬಹಳ ಹಣವಾಗದು. ಕಟ್ಟಲು ತಂತಿ ಬೇಡ, ತಂತಿ ರಬ್ಬರನ್ನು ಕೊಯ್ಯುತ್ತದೆ. ಚಪ್ಪಟೆ ಕ್ಲಿಪ್ಪು ಹಾಕಿರಿ. ಕೊಳವೆ ಸಿಲಿಂಡರಿನ ರೆಕ್ಕೆಗಳಿಗೆ ತಗಲದಂತಿರಲಿ.

ಕಾರ್ಬುರೇಟರು ತುಂಬಿ ಹೊರಚೆಲ್ಲುವುದು ಏಕೆ? ಕೆರೆಯ ತೂಬಿನಂತೆ ಅದರಲ್ಲೊಂದು ಸೂಜಿ ಇದೆ. ಪೆಟ್ರೋಲು ಮಟ್ಟಕ್ಕೆ ಬಂದಾಗ ತೇಲುಬುಂಡೆ ಮೇಲೆದ್ದು ಸೂಜಿಯನ್ನು ಒತ್ತಿ ದಾರಿಯನ್ನು ಮುಚ್ಚುತ್ತದೆ. ಸೂಜಿಯ ಪೀಠದಲ್ಲಿ ತುಕ್ಕಿನ ಕಣವೊಂದು ಕುಳಿತರೆ ತೂಬು ಮುಚ್ಚುವುದಿಲ್ಲ. ಸೂಜಿಯ ಮೊನೆಯಲ್ಲಿ ಸವೆದ ಬಳೆಯ ಗುರುತು ಕಂಡರೂ ಅಷ್ಟೆ. ತೇಲುಬುಂಡೆ ತೂತಾಗಿ ಒಳಗೆ ಪೆಟ್ರೋಲು ಸೇರಿದರೆ ಅದು ತೇಲುವುದನ್ನೇ ಬಿಡುತ್ತದೆ. ಹಿತ್ತಾಳೆಯ ಬುಂಡೆಯನ್ನು ಕಿವಿಯ ಬಳಿ ಅಲುಗಿಸಿ. "ಗಳಗಳ" ಎಂದರೆ ತೂತು ಇದೆ. ಒಲೆಯಿಂದ ದೂರದಲ್ಲಿ, ಇಳಿಸಿ ತಂದ ಬಿಸಿನೀರಿನಲ್ಲಿ ಮುಳುಗಿಸಿದರೆ ತೂತಿನ ಜಾಗದಿಂದ ಗುಳ್ಳೆ ಏಳುತ್ತದೆ.

ರಾತ್ರಿ ನಲ್ಲಿಯನ್ನು ಮುಚ್ಚದೆ ಬಿಟ್ಟು, ಸೂಜಿಯೂ ಹಿಡಿಯದಿದ್ದರೆ, ಪೆಟ್ರೋಲು ಹೊರಗೆ ಬೀಳುವ ಬದಲು ಎಂಜಿನ್ನಿನ ಹೊಟ್ಟೆಗೇ ಇಳಿಯುವುದುಂಟು. ಬೆಳಗ್ಗೆ ಕಿಕ್ಕು ಭಾರವಾಗುತ್ತದೆ, ಪ್ಲಗ್ಗು ನೆನೆದಿರುತ್ತದೆ. ಆಗ ನಲ್ಲಿ ಮುಚ್ಚಿ, ಪ್ಲಗ್ಗು ತೆಗೆದು, ಆಕ್ಸಿಲರೇಟರನ್ನು ಪೂರ್ತಿ ತಿರುಗಿಸಿ ಹಿಡಿದು ಹತ್ತಾರು ಸಲ ಕಿಕ್ಕು ಹೊಡೆಯಬೇಕು. ಬೀಗದ ಕೈ ತೆಗೆದಿರಲಿ, ಪ್ಲಗ್ಗಿನ ತಂತಿ ದೂರವಿರಲಿ. ಆ ರಂಧ್ರದಿಂದ ಚಿಮ್ಮುವ ಆವಿಗೆ ಒಂದು ಕಿಡಿ ತಗಲಿದರೆ ಮುಖಕ್ಕೇ ಜ್ವಾಲೆ ಬರುತ್ತದೆ. ಇಷ್ಟೆಲ್ಲ ಶ್ರಮಕ್ಕಿಂತ ಗಾಡಿ ನಿಲ್ಲಿಸಿದೊಡನೆ ನಲ್ಲಿ ಮುಚ್ಚುವ ಅಭ್ಯಾಸ ಸುಲಭವಲ್ಲವೇ?

ಕೆಲವೊಮ್ಮೆ ಸೋರಿಕೆಯೇ ಇಲ್ಲದೆ ಸೋರಿದಂತೆ ಕಾಣುವುದು. ಬಂಕಿನಲ್ಲಿ ಟ್ಯಾಂಕನ್ನು ಕುತ್ತಿಗೆಯವರೆಗೆ ತುಂಬಿಸಿ ಬಿಸಿಲಿನಲ್ಲಿ ನಿಲ್ಲಿಸಿದರೆ ಪೆಟ್ರೋಲು ಹಿಗ್ಗಿ ಮುಚ್ಚಳದಿಂದ ಹೊರಬರುತ್ತದೆ. ಹತ್ತು ಲೀಟರು ಪೆಟ್ರೋಲು 20 ಡಿಗ್ರಿಯಷ್ಟು ಹೆಚ್ಚು ಕಾದರೆ ಸುಮಾರು 200 ಮಿಲಿಲೀಟರು ಹಿಗ್ಗುತ್ತದೆ. ಎರಡು ಬೆರಳು ಜಾಗ ಬಿಟ್ಟು ತುಂಬಿಸಿರಿ. ಮುಚ್ಚಳದ ಗಾಳಿರಂಧ್ರವನ್ನು ಮಾತ್ರ ಮುಚ್ಚಬೇಡಿ. ಅದು ಮುಚ್ಚಿದರೆ ಪೆಟ್ರೋಲು ಇಳಿಯದೆ ಗಾಡಿ ನಡುದಾರಿಯಲ್ಲಿ ನಿಲ್ಲುತ್ತದೆ.

ಟ್ಯಾಂಕೇ ತೂತಾಗಿದ್ದರೆ? ಬಟ್ಟೆ ಒಗೆಯುವ ಗಟ್ಟಿ ಸಾಬೂನನ್ನು ಒತ್ತಿ ತಿಕ್ಕಿದರೆ ಪಟ್ಟಣ ಸೇರುವವರೆಗೆ ಹಿಡಿದೀತು. ಎಥನಾಲ್ ಬೆರೆತ ಪೆಟ್ರೋಲಿನಲ್ಲಿ ಅದೂ ಹಿಂದಿನಷ್ಟು ಹೊತ್ತು ನಿಲ್ಲದು. ಒಂದು ಕೆಲಸವನ್ನು ಮಾತ್ರ ಎಂದೂ ಮಾಡಿಸಬೇಡಿ: ಟ್ಯಾಂಕನ್ನು ಖಾಲಿ ಮಾಡಿ, ಕಿಟಕಿ ಸರಳು ಬೆಸೆಯುವ ಅಂಗಡಿಗೆ ಒಯ್ದು ವೆಲ್ಡಿಂಗು ಹಾಕಿಸುವುದು. "ಒಳಗೆ ಏನೂ ಇಲ್ಲ, ನೋಡಿ" ಎಂದು ಬೋರಲು ಮಾಡಿ ತೋರಿಸುವರು. ಒಳಗೆ ಆವಿ ಇರುತ್ತದೆ. ತುಂಬಿದ ಟ್ಯಾಂಕಿಗಿಂತ ಖಾಲಿ ಟ್ಯಾಂಕು ಹೆಚ್ಚು ಅಪಾಯಕರ. ಆವಿಯೂ ಗಾಳಿಯೂ ಬೆರೆತು ಅದು ಬಾಂಬಿನಂತೆ ಸಿಡಿಯುತ್ತದೆ. ವಾರಗಟ್ಟಲೆ ಒಣಗಿಸಿದ ಟ್ಯಾಂಕಿನಲ್ಲೂ ತುಕ್ಕಿನ ಪದರದ ನಡುವೆ ಆವಿ ಅಡಗಿರಬಹುದು. ಟ್ಯಾಂಕು ರಿಪೇರಿಯನ್ನೇ ವೃತ್ತಿಯಾಗಿ ಮಾಡುವವರಿಗೆ ಮಾತ್ರ ಒಪ್ಪಿಸಿರಿ.

ಹೊಗೆಕೊಳವೆ ಏಕೆ ಸಡಿಲವಾಗುತ್ತದೆ?

ಪೆಟ್ರೋಲಿನ ಸೋರಿಕೆ ನಿಂತ ಮೇಲೆ ಹೊಗೆಕೊಳವೆಗೆ ಬನ್ನಿ. ಜಾವಾ 250ರಲ್ಲಿ ಸಿಲಿಂಡರು ಒಂದೇ ಆದರೂ ಹೊಗೆಬಾಯಿಗಳು ಎರಡು, ಕೊಳವೆಗಳು ಎರಡು, ಸೈಲೆನ್ಸರುಗಳೂ ಎರಡು. ಪ್ರತಿ ಕೊಳವೆಯೂ ಮುಂದುಗಡೆ ಒಂದು ದೊಡ್ಡ ಬಳೆನಟ್ಟಿನಿಂದ ಸಿಲಿಂಡರಿಗೆ ಸೇರಿರುತ್ತದೆ. ನಟ್ಟಿನ ಅಂಚಿನಲ್ಲಿ ಕೋಟೆಯ ತೆನೆಗಳಂತೆ ಕಚ್ಚುಗಳಿರುತ್ತವೆ. ಕೊಳವೆಗೂ ಸಿಲಿಂಡರಿಗೂ ನಡುವೆ ಒಂದು ಬಳೆಯಾಕಾರದ ಗ್ಯಾಸ್ಕೆಟ್ಟು ಇರುತ್ತದೆ. ಹಿಂದುಗಡೆ ಸೈಲೆನ್ಸರನ್ನು ಚೌಕಟ್ಟಿಗೆ ಬೋಲ್ಟಿನಿಂದ ಬಿಗಿದಿರುತ್ತಾರೆ.

ಸಾಮಾನ್ಯವಾಗಿ ಬಿಚ್ಚಿಕೊಳ್ಳುವುದು ಮುಂದಿನ ಬಳೆನಟ್ಟು. ಆದುದರಿಂದ ಎಲ್ಲರೂ ಅದನ್ನೇ ಬಿಗಿಯುತ್ತಾರೆ. ನಾನೂ ಒಂದು ಮಳೆಗಾಲವೆಲ್ಲ ಅದನ್ನೇ ಮಾಡಿದೆ. ವಾರಕ್ಕೊಮ್ಮೆ ಬಿಗಿಯುವುದು, ವಾರದೊಳಗೆ ಮತ್ತೆ ಚಟಚಟ. ಕೊನೆಗೆ ಸೈಲೆನ್ಸರನ್ನು ಹಿಡಿದು ಅಲುಗಿಸಿದಾಗ ಅದರ ಹಿಂದಿನ ಬೋಲ್ಟು ಎಂದೋ ಬಿದ್ದುಹೋಗಿ, ಯಾರೋ ಕಟ್ಟಿದ್ದ ತಂತಿಯ ಮೇಲೆ ಅದು ಜೋತಾಡುತ್ತಿರುವುದು ಕಂಡಿತು. ತಪ್ಪು ಮುಂದಿನ ನಟ್ಟಿನದಲ್ಲ. ಹಿಂದೆ ಆಧಾರವಿಲ್ಲದ ಉದ್ದನೆಯ ಸೈಲೆನ್ಸರು ಗುಂಡಿ ಗೊಟರಿನಲ್ಲಿ ಏತದ ಮರದಂತೆ ಮೇಲೆ ಕೆಳಗೆ ಆಡುತ್ತದೆ. ಆ ಸೆಳೆತವೆಲ್ಲ ಮುಂದಿನ ನಟ್ಟಿನ ಮೇಲೆ ಬಿದ್ದು ಅದನ್ನು ಸ್ವಲ್ಪ ಸ್ವಲ್ಪವಾಗಿ ತಿರುಗಿಸುತ್ತದೆ. ಎಷ್ಟು ಬಿಗಿದರೂ ನಿಲ್ಲದು. ಆದಕಾರಣ ಮುಂದಿನ ನಟ್ಟು ಸಡಿಲವಾದರೆ ಮೊದಲು ಹಿಂದಿನ ಬೋಲ್ಟನ್ನು ನೋಡಿ. ಬೋಲ್ಟು ಇದ್ದರೂ ಅದರ ತೂತು ಉದ್ದವಾಗಿ ಸವೆದಿದೆಯೇ, ತಗಡಿನ ಹಿಡಿಕೆ ಸೀಳಿದೆಯೇ ಎಂದು ಬೆರಳಾಡಿಸಿ ನೋಡಿ. ಕ್ಯಾನುಗಳನ್ನು ತೂಗುಹಾಕುವ ಕಬ್ಬಿಣದ ಚೌಕಟ್ಟನ್ನು ಅದೇ ಬೋಲ್ಟಿಗೆ ಸೇರಿಸಿದ್ದರೆ ಇನ್ನೂ ಕಷ್ಟ. ನಲವತ್ತು ಲೀಟರು ಹಾಲಿನ ಭಾರ ಕುಣಿದಾಗಲೆಲ್ಲ ಬೋಲ್ಟೂ ಕುಣಿಯುತ್ತದೆ. ಕ್ಯಾನಿನ ಚೌಕಟ್ಟಿಗೆ ಬೇರೆ ಆಧಾರ ಮಾಡಿಸಿರಿ.

ಹೊಗೆ ನಿಜವಾಗಿ ಮುಂದಿನಿಂದಲೇ ಹೊರಬರುತ್ತಿದೆಯೇ? ತಣ್ಣಗಿರುವ ಎಂಜಿನ್ನಿನಲ್ಲಿ ನಟ್ಟಿನ ಸುತ್ತ ಸಾಬೂನಿನ ನೀರು ಸವರಿ ಚಾಲೂ ಮಾಡಿ. ಸಂದು ಇರುವಲ್ಲಿ ಗುಳ್ಳೆ ಪುಟಿಯುತ್ತದೆ. ಕೊಳವೆ ಕಾಯುವ ಮುಂಚೆ ನೋಡಿ ಮುಗಿಸಬೇಕು. ಈ ಪರೀಕ್ಷೆಯನ್ನು ಬಯಲಿನಲ್ಲೇ ಮಾಡಿ. ಮುಚ್ಚಿದ ಕೊಟ್ಟಿಗೆಯಲ್ಲಿ ಎಂಜಿನ್ನು ಓಡಿಸಿದರೆ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲ ವಾಸನೆಯಿಲ್ಲದೆ ಮನುಷ್ಯನನ್ನೂ ದನವನ್ನೂ ಕೊಲ್ಲಬಲ್ಲುದು. ಸಿಲಿಂಡರಿನ ರೆಕ್ಕೆಗಳ ಮೇಲೆ ನಟ್ಟಿನ ಕೆಳಗೆ ಕಪ್ಪು ಎಣ್ಣೆಯ ಜಿಡ್ಡು ಇಳಿದಿದ್ದರೆ ಪರೀಕ್ಷೆಯೂ ಬೇಕಿಲ್ಲ.

ಬಳೆನಟ್ಟನ್ನು ಬಿಚ್ಚುವುದು

ಈ ನಟ್ಟಿಗೆ ಕೊಕ್ಕೆಯಂಥ ಬೇರೆಯೇ ಸ್ಪ್ಯಾನರು ಬೇಕು. ಅದು ಇಲ್ಲದವರು ಉಳಿಯನ್ನು ಕಚ್ಚಿಗೆ ಕೊಟ್ಟು ಸುತ್ತಿಗೆಯಿಂದ ಹೊಡೆಯುತ್ತಾರೆ. ಹಳೆಯ ಜಾವಾಗಳ ಬಳೆನಟ್ಟುಗಳನ್ನು ನೋಡಿರಿ, ಹತ್ತರಲ್ಲಿ ಎಂಟರ ಕಚ್ಚುಗಳು ಇಲಿ ಕಡಿದಂತೆ ಆಗಿರುತ್ತವೆ. ನಟ್ಟು ಹೋದರೆ ಹೋಗಲಿ ಎನ್ನಬಹುದು. ಆದರೆ ಆ ಪೆಟ್ಟು ಸಿಲಿಂಡರಿನ ಬಾಯಿಗೂ ತಗಲುತ್ತದೆ. ಅದು ಎರಕದ ಕಬ್ಬಿಣ. ಬಾಗುವುದಿಲ್ಲ, ಒಡೆಯುತ್ತದೆ. ಅಲ್ಲಿಯ ತಿರುಪಿನ ಸುತ್ತುಗಳು ಕೆಟ್ಟರೆ ಹೊಸ ಸಿಲಿಂಡರನ್ನು ಹುಡುಕಬೇಕು, ಕಾರ್ಖಾನೆಯಂತೂ ಮುಚ್ಚಿದೆ.

ಆದುದರಿಂದ ಸ್ಪ್ಯಾನರು ಕೊಳ್ಳಿ, ಇಲ್ಲವೇ ನಿಮ್ಮೂರ ಕಮ್ಮಾರರಿಂದ ಮಾಡಿಸಿರಿ. ಗಾಡಿಯ ಹಳೆಯ ಪಟ್ಟಿ ಸ್ಪ್ರಿಂಗಿನ ತುಂಡನ್ನು ನಟ್ಟಿನ ದುಂಡಿಗೆ ಸರಿಯಾಗಿ ಬಾಗಿಸಿ, ತುದಿಯಲ್ಲಿ ಕಚ್ಚಿಗೆ ಕೂರುವ ಹಲ್ಲನ್ನು ಕಾಯಿಸಿ ತಿದ್ದಿ, ಒಂದು ಮೊಳದ ಹಿಡಿ ಇಟ್ಟರೆ ಅದು ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ಬರುತ್ತದೆ. ಹಿಂದಿನ ರಾತ್ರಿ ನಟ್ಟಿನ ಸಂದಿಗೆ ತುಕ್ಕು ಬಿಡಿಸುವ ಎಣ್ಣೆಯನ್ನು, ಅದಿಲ್ಲದಿದ್ದರೆ ಡೀಸೆಲ್ಲನ್ನು, ತೊಟ್ಟು ತೊಟ್ಟಾಗಿ ಬಿಡಿ. ಬೆಳಗ್ಗೆ ಮೊದಲು ಕೂದಲೆಳೆಯಷ್ಟು ಬಿಗಿಯುವ ಕಡೆಗೆ ತಿರುಗಿಸಿ, ಅನಂತರ ಬಿಚ್ಚುವ ಕಡೆಗೆ. ತುಕ್ಕಿನ ಹಿಡಿತ ಹೀಗೆಯೇ ಬಿಡುವುದು. ಟ್ಯಾಂಕು ಗಾಡಿಯ ಮೇಲಿರುವಾಗ ಬ್ಲೋಲ್ಯಾಂಪಿನಿಂದ ಕಾಯಿಸುವ ಯೋಚನೆಯನ್ನೇ ಮಾಡಬೇಡಿ.

ಹಳೆಯ ಗ್ಯಾಸ್ಕೆಟ್ಟು ತಾಮ್ರದ ತಗಡಿನ ನಡುವೆ ಕಲ್ನಾರು ತುಂಬಿದ್ದಾಗಿರಬಹುದು. ಕಲ್ನಾರಿನ ಧೂಳು ಶ್ವಾಸಕೋಶಕ್ಕೆ ಬಹು ಕೆಟ್ಟದ್ದು. ಅದನ್ನು ಒಣಗಿದಂತೆಯೇ ಕೆರೆದು ಬಾಯಿಂದ ಊದಬೇಡಿ. ನೀರು ಹಾಕಿ ನೆನೆಸಿ ತೆಗೆದು, ಚೀಲದಲ್ಲಿ ಕಟ್ಟಿ ಬಿಸಾಡಿ. ಬರಿಯ ತಾಮ್ರದ ಬಳೆಯಾಗಿದ್ದರೆ ಅದನ್ನು ಒಲೆಯಲ್ಲಿ ಮಂದವಾಗಿ ಕೆಂಪಾಗುವಂತೆ ಕಾಯಿಸಿ ನೀರಿಗೆ ಹಾಕಿದರೆ ಮತ್ತೆ ಮೆತ್ತಗಾಗಿ ಇನ್ನೊಮ್ಮೆ ಉಪಯೋಗಕ್ಕೆ ಬರುತ್ತದೆ. ಕಬ್ಬಿಣಕ್ಕೆ ಹೀಗೆ ಮಾಡಿದರೆ ಅದು ಗಡುಸಾಗುತ್ತದೆ, ತಾಮ್ರದ ಸ್ವಭಾವ ಬೇರೆ.

ಕೊಳವೆ ಬಿಚ್ಚಿದಾಗಲೇ ಒಳಗೆ ಇಣುಕಿ ನೋಡಿ. ಹೊಗೆಬಾಯಿಯ ಸುತ್ತ ಮಸಿ ಗಟ್ಟಿಯಾಗಿ ಕಟ್ಟಿದ್ದರೆ ಹೊಗೆಗೆ ದಾರಿ ಕಿರಿದಾಗಿ, ಅದು ಸಂದಿಗಳಿಂದ ನುಗ್ಗಲು ನೋಡುತ್ತದೆ. ಪಿಸ್ಟನ್ನನ್ನು ಕೆಳಕ್ಕೆ ಇಳಿಸಿಕೊಂಡು, ಮರದ ಚಕ್ಕೆಯಿಂದ ಮಸಿಯನ್ನು ಕೆರೆಯಿರಿ. ಎಣ್ಣೆ ಹೆಚ್ಚು ಬೆರೆಸುವುದೇ ಮಸಿಗೆ ಮುಖ್ಯ ಕಾರಣ. ಲೀಟರಿಗೆ 40 ಮಿಲಿಲೀಟರು ಎರಡು ಸ್ಟ್ರೋಕಿನ ಎಣ್ಣೆ ಸಾಮಾನ್ಯ ಅಳತೆ. ಕಣ್ಣಳತೆಯಲ್ಲಿ ಸುರಿಯದೆ ಅಳೆದು ಹಾಕಿರಿ.

ಮತ್ತೆ ಕೂಡಿಸುವಾಗ ಕ್ರಮ ಬಹು ಮುಖ್ಯ. ನಟ್ಟಿನ ಸುತ್ತುಗಳಿಗೆ ಗ್ರಾಫೈಟು ಗ್ರೀಸನ್ನು ತೆಳುವಾಗಿ ಸವರಿ. ನಟ್ಟನ್ನು ಮೊದಲು ಬಿಚ್ಚುವ ಕಡೆಗೇ ಮೆಲ್ಲನೆ ತಿರುಗಿಸಿ. ಸುತ್ತು ಸುತ್ತಿಗೆ ಕೂಡಿದಾಗ "ಟಕ್" ಎಂದು ಸಣ್ಣಗೆ ಇಳಿಯುತ್ತದೆ. ಅಲ್ಲಿಂದ ಬಿಗಿಯುವ ಕಡೆಗೆ ಬರಿಗೈಯಿಂದ ತಿರುಗಿಸಿರಿ. ಕೈಗೆ ಬಾರದಿದ್ದರೆ ಸುತ್ತು ಓರೆಯಾಗಿದೆ, ಬಿಚ್ಚಿ ಮತ್ತೆ ಹಿಡಿಯಿರಿ. ಹೀಗೆ ಮುಂದಿನ ನಟ್ಟು, ನಡುವಿನ ಪಟ್ಟಿ, ಹಿಂದಿನ ಬೋಲ್ಟು ಎಲ್ಲವನ್ನೂ ಕೈಬಿಗಿಗೆ ತನ್ನಿ. ಸೈಲೆನ್ಸರಿನ ತೂತು ಚೌಕಟ್ಟಿನ ತೂತಿಗೆ ತಾನಾಗಿ ಸೇರಬೇಕು. ಸೇರದಿದ್ದರೆ ಹಾರೆ ಕೊಟ್ಟು ಎಳೆದು ಬೋಲ್ಟು ತೂರಿಸಬೇಡಿ. ಆ ಎಳೆತವೇ ನಾಳೆ ನಟ್ಟನ್ನು ಬಿಚ್ಚುತ್ತದೆ. ಸಂದಿಗೆ ತಕ್ಕ ವಾಷರು ಹಾಕಿ ತುಂಬಿರಿ. ಎಲ್ಲ ನೇರವಾಗಿ ಕುಳಿತ ಮೇಲೆ ಮುಂದಿನ ನಟ್ಟನ್ನು ಮೊದಲು, ಪಟ್ಟಿಯನ್ನು ಆಮೇಲೆ, ಹಿಂದಿನ ಬೋಲ್ಟನ್ನು ಕೊನೆಗೆ ಬಿಗಿಯಿರಿ. ಹಿಂದಿನ ಬೋಲ್ಟಿಗೆ ಸ್ಪ್ರಿಂಗು ವಾಷರು ಮರೆಯಬೇಡಿ.

ಹೊಸ ಗ್ಯಾಸ್ಕೆಟ್ಟು ಕಾದು ತಣಿದಾಗ ಸ್ವಲ್ಪ ಕುಗ್ಗುತ್ತದೆ. ಹತ್ತು ಹದಿನೈದು ಕಿಲೋಮೀಟರು ಓಡಿಸಿ ಬಂದು, ಎಂಜಿನ್ನು ಇನ್ನೂ ಬೆಚ್ಚಗಿರುವಾಗಲೇ ದಪ್ಪ ಬಟ್ಟೆ ಸುತ್ತಿದ ಕೈಯಿಂದ ಬಳೆನಟ್ಟನ್ನು ಇನ್ನೊಮ್ಮೆ ಬಿಗಿಯಬೇಕು. ಈ ಎರಡನೆಯ ಬಿಗಿತವನ್ನು ಬಿಟ್ಟವರೇ ತಿಂಗಳೊಳಗೆ ಮತ್ತೆ ಬರುವವರು. ಗ್ಯಾಸ್ಕೆಟ್ಟು ಬಳೆ ಎರಡು, ನಲ್ಲಿಯ ಬಿಲ್ಲೆ ಒಂದು ಜೊತೆ, ಒಂದು ಗೇಣು ಪೆಟ್ರೋಲು ಕೊಳವೆ, ಎರಡು ಕ್ಲಿಪ್ಪು ಇವಿಷ್ಟನ್ನು ಗಾಡಿಯ ಸಾಮಾನುಪೆಟ್ಟಿಗೆಯಲ್ಲಿ ಬಟ್ಟೆಯಲ್ಲಿ ಸುತ್ತಿಡಿ. ಮೈಸೂರು, ಬೆಂಗಳೂರುಗಳ ಹಳೆಯ ಬಿಡಿಭಾಗಗಳ ಅಂಗಡಿಗಳಲ್ಲಿ ಇವು ಇಂದಿಗೂ ದೊರೆಯುತ್ತವೆ. ಊರಿನಿಂದ ಯಾರಾದರೂ ಹೋಗುವಾಗ ನಾಲ್ಕೈದು ಮನೆಗಳವರು ಸೇರಿ ಒಟ್ಟಿಗೆ ತರಿಸಿಕೊಳ್ಳಬಹುದು.